ಎಮ್ಮೆಯನ್ನು ನೆಟ್ಟಗೆ ನಿಲ್ಲಿಸಿದ ತಕ್ಕಡಿಯಕ್ಕ

ಬೆಳಗಿನ ಐದೂಕಾಲು ಗಂಟೆ. ನದಿಯ ಮೇಲಿನ ಮಂಜು ಇನ್ನೂ ಏಳುವ ಮನಸ್ಸು ಮಾಡಿಲ್ಲ. ದೋಣಿ ಕಟ್ಟುವ ದಕ್ಕೆಯ ಕೊನೆಯ ಮೆಟ್ಟಿಲ ಮೇಲೆ ಹೆಂಗಸೊಬ್ಬರು ಮಂಡಿಯೂರಿ ಕುಳಿತಿದ್ದಾರೆ. ಹಲ್ಲುಗಳ ನಡುವೆ ಸಣ್ಣ ಟಾರ್ಚು. ಎರಡೂ ಕೈಗಳ ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಕಬ್ಬಿಣದ ದೋಣಿಯ ಮೈಗೆ ಒತ್ತಿ ಹಿಡಿದಿದ್ದಾರೆ. ಕೆಳಗಿನ ಕಿರುಬೆರಳು ನೀರು ಮುಟ್ಟುತ್ತಿದೆ, ಮೇಲಿನ ತೋರುಬೆರಳು ದೋಣಿಗೆ ಬಳಿದ ಬಿಳಿ ಗೆರೆ ಮುಟ್ಟುತ್ತಿದೆ.

ಟಾರ್ಚನ್ನು ಬಾಯಿಂದ ತೆಗೆದು “ಎಂಟು” ಎನ್ನುತ್ತಾರೆ. ಹೇಳಿದ್ದು ಯಾರಿಗೂ ಅಲ್ಲ. ಎದ್ದು, ಮಂಡಿಯ ಮೇಲೆ ಕೈಯೂರಿ ಒಂದು ಗಳಿಗೆ ನಿಂತು, ಹಲಗೆ ದಾಟಿ ದೋಣಿಯೊಳಗೆ ಹೋಗುತ್ತಾರೆ. ಆಚೆ ಬದಿಯಲ್ಲಿ ಮೆಟ್ಟಿಲಿಲ್ಲ. ಅಲ್ಲಿ ಅಂಚಿನಲ್ಲಿ ಬೋರಲು ಮಲಗಿ, ಗುರುತು ಹಾಕಿದ ಕೋಲೊಂದನ್ನು ನೀರಿಗೆ ಇಳಿಬಿಡುತ್ತಾರೆ.

“ಏಳೂವರೆ. ನೋಡಿದ್ರಾ? ನಿನ್ನೆ ಹಾಡಿನವರು ಕುರ್ಚಿನೆಲ್ಲ ಈ ಕಡೆ ಪೇರಿಸಿ ಹೋಗಿದ್ದಾರೆ. ಹಾಡೋವಾಗ ತಾಳ ತಪ್ಪಲ್ಲ, ಕುರ್ಚಿ ಎತ್ತಿಡೋವಾಗ ಮಾತ್ರ ತಪ್ಪುತ್ತೆ.”

ಮಡಚುವ ಕುರ್ಚಿಗಳು ಅರವತ್ತು. ಅದರಲ್ಲಿ ಮೂವತ್ತನ್ನು ಎರಡೆರಡಾಗಿ ಕಂಕುಳಲ್ಲಿ ಇರುಕಿಕೊಂಡು ಈಚೆ ಬದಿಗೆ ಸಾಗಿಸುತ್ತಾರೆ. ಹದಿನೈದು ಸಲ ಹೋಗಿ ಬಂದ ಮೇಲೆ ಮತ್ತೆ ಮೆಟ್ಟಿಲಿಳಿದು ಬೆರಳು ಜೋಡಿಸುತ್ತಾರೆ, ಮತ್ತೆ ಬೋರಲು ಮಲಗಿ ಕೋಲು ಬಿಡುತ್ತಾರೆ. ಎರಡೂ ಕಡೆ ಏಳೂಮುಕ್ಕಾಲು. ಈಗ ಮುಖ ಅರಳುತ್ತದೆ. ಫ್ಲಾಸ್ಕಿನ ಮುಚ್ಚಳ ತಿರುಗುತ್ತದೆ, ಚಹಾದ ಹಬೆ ಮಂಜಿನೊಂದಿಗೆ ಸೇರಿಕೊಳ್ಳುತ್ತದೆ.

ಇವರಿಗೆ ಐವತ್ತೊಂಬತ್ತು ವರ್ಷ. ದಕ್ಕೆಯ ಬೀದಿಯವರೆಲ್ಲ ಕರೆಯುವುದು ತಕ್ಕಡಿಯಕ್ಕ ಎಂದು. ಅವರ ನಿಜವಾದ ಹೆಸರು ಗೊತ್ತಿರುವುದು ಮತಪಟ್ಟಿಗೆ ಮಾತ್ರ ಎಂದು ಗಂಡ ತಮಾಷೆ ಮಾಡುತ್ತಾರೆ.

ದೋಣಿಗೂ ಹಾಗೆಯೇ ಎರಡು ಹೆಸರು. ಎಂಬತ್ತು ಅಡಿ ಉದ್ದ, ಹದಿನಾರೂವರೆ ಅಡಿ ಅಗಲದ ಈ ಸರಕು ದೋಣಿ ಸಿಮೆಂಟು, ದವಸ, ಮರದ ದಿಮ್ಮಿ, ಎಣ್ಣೆ ಪೀಪಾಯಿ, ಒಮ್ಮೆ ಒಂದಿಡೀ ಸರ್ಕಸ್ಸಿನ ಡೇರೆ, ಹೀಗೆ ಕೊಟ್ಟದ್ದನ್ನೆಲ್ಲ ಹೊತ್ತು ನಲವತ್ತು ವರ್ಷಕ್ಕೂ ಮಿಕ್ಕಿ ನದಿಯಲ್ಲಿ ಓಡಾಡಿದೆ. ನೀರಿಗಿಳಿದರೆ ಏಳುವುದಿಲ್ಲ, ಗದರಿದರೆ ಓಡುವುದಿಲ್ಲ ಎಂದು ಹಮಾಲರು ಅದಕ್ಕೆ ಇಟ್ಟ ಹೆಸರು ‘ಎಮ್ಮೆ’. ಈಗ ಅದರ ಹೊಟ್ಟೆಯಲ್ಲಿ ಒಂದು ರಂಗಸ್ಥಳ, ನೂರೈವತ್ತು ಜನ ಕೂರುವ ಜಾಗ, ಮಕ್ಕಳು ಬಣ್ಣ ಚೆಲ್ಲುವ ಒಂದು ಕೋಣೆ, ಮೂಲೆಯಲ್ಲಿ ಒಂದು ಪಿಯಾನೊ ಇವೆ. ದೋಣಿಯನ್ನು ಕಲಾಕೇಂದ್ರ ಮಾಡಿದ ಸಮಿತಿಯವರು ಮೂರು ಸಭೆ ಸೇರಿ ಚರ್ಚಿಸಿ ‘ಜಲರಂಗ’ ಎಂದು ಹೆಸರಿಟ್ಟು ನೀಲಿ ಅಕ್ಷರದಲ್ಲಿ ಬರೆಸಿದ್ದಾರೆ. ಬೀದಿಯ ಜನ ಮಾತ್ರ ಈಗಲೂ “ಎಮ್ಮೇಲಿ ಇವತ್ತು ಏನಿದೆ?” ಎಂದೇ ಕೇಳುತ್ತಾರೆ.

ಬಾಗಿಲ ಪಕ್ಕದ ಫಲಕದಲ್ಲಿ ಈ ಕೆಲಸಕ್ಕೆ ಹೆಗಲು ಕೊಟ್ಟವರ ಹನ್ನೊಂದು ಹೆಸರುಗಳಿವೆ. ತಕ್ಕಡಿಯಕ್ಕನ ಹೆಸರು ಅಲ್ಲಿಲ್ಲ. ಅವರೇ ಬೇಡ ಎಂದರಂತೆ. “ಅಕ್ಷರ ಜಾಸ್ತಿ ಆದ್ರೆ ಹಲಗೆ ದೊಡ್ಡದಾಗುತ್ತೆ. ಹಲಗೆ ದೊಡ್ಡದಾದ್ರೆ ಭಾರ. ಅದೂ ಒಂದೇ ಬದೀಲಿ,” ಎಂದು ಕಾರಣ ಕೊಡುತ್ತಾರೆ. ನಗುತ್ತಿದ್ದಾರೋ ನಿಜ ಹೇಳುತ್ತಿದ್ದಾರೋ ತಿಳಿಯುವುದು ಕಷ್ಟ.

ದೋಣಿಗೆ ಸರಕು ತುಂಬುವುದೆಂದರೆ ಮೂಟೆ ಎಸೆದು ಕೈ ಒರೆಸಿಕೊಳ್ಳುವ ಕೆಲಸವಲ್ಲ. ಯಾವುದು ಕೆಳಗೆ, ಯಾವುದು ಮೇಲೆ, ಯಾವುದು ಎಡಕ್ಕೆ, ಮೊದಲ ಊರಿನಲ್ಲಿ ಇಳಿಸಬೇಕಾದದ್ದು ಎಲ್ಲಿರಬೇಕು, ಅದನ್ನು ಇಳಿಸಿದ ಮೇಲೆ ಉಳಿದದ್ದು ಹೇಗೆ ನಿಲ್ಲುತ್ತದೆ, ಇಷ್ಟನ್ನೂ ಮೊದಲೇ ಲೆಕ್ಕ ಹಾಕುವ ಒಬ್ಬ ಮೇಸ್ತ್ರಿ ಬೇಕು. ಎಮ್ಮೆಗೆ ಆ ಮೇಸ್ತ್ರಿ ತಕ್ಕಡಿಯಕ್ಕನ ಗಂಡ. ಹೊಸದಾಗಿ ಮದುವೆಯಾದ ದಿನಗಳಲ್ಲಿ ಅವರಿಗೆ ಹೆಂಡತಿಯ ಹತ್ತಿರ ಮಾತಾಡಲು ಬೇರೆ ವಿಷಯವೇ ಇರಲಿಲ್ಲವಂತೆ.

“ಬೇರೆ ಗಂಡಂದಿರು ಸಿನಿಮಾ ಕಥೆ ಹೇಳ್ತಾರೆ. ನಮ್ಮನೆಯವರು ಸಿಮೆಂಟ್ ಮೂಟೆ ಕಥೆ ಹೇಳೋರು,” ಎಂದು ಅಕ್ಕ ಶುರುಮಾಡುತ್ತಾರೆ. “ಮಗು ಹುಟ್ಟಿದ ಮೇಲೆ ಅದಕ್ಕೆ ಸ್ನಾನ ಮಾಡಿಸೋಕೆ ಒಂದು ಟಬ್ ತಂದ್ವಿ. ಮಗು ಸ್ನಾನ ಮುಗೀತಿದ್ದ ಹಾಗೆ ಇವರು ಅದರಲ್ಲಿ ಬೋಗುಣಿ ತೇಲಿಬಿಡೋರು. ಕಡ್ಲೆಕಾಳು ತಂದು ಒಂದೊಂದೇ ಹಾಕೋರು. ಈಗ ಯಾವ ಕಡೆ ವಾಲುತ್ತೆ ಹೇಳು ನೋಡೋಣ ಅನ್ನೋರು. ನಾನು ಹೇಳ್ತಿದ್ದೆ. ಸರಿ ಇರ್ತಿತ್ತು. ಇವರಿಗೆ ಕೋಪ ಬರ್ತಿತ್ತು.”

“ಕೋಪ ಅಲ್ಲ ಕಣೇ, ಹೊಟ್ಟೆಕಿಚ್ಚು,” ಎಂದು ಪಕ್ಕದಲ್ಲಿ ಕುಳಿತ ಗಂಡ ತಿದ್ದುತ್ತಾರೆ.

ಮಗಳಿಗೆ ಎಂಟು ತಿಂಗಳಿದ್ದಾಗ, ಸರಪಳಿಯಿಂದ ಜಾರಿದ ಕಬ್ಬಿಣದ ಪಟ್ಟಿಯ ಪೆಟ್ಟಿಗೆಯೊಂದು ಗಂಡನ ಎಡಗಾಲಿನ ಮೇಲೆ ಬಿತ್ತು. ಮೂರು ಬೆರಳು ಹೋದವು. ಆಸ್ಪತ್ರೆಯ ಮಂಚದಿಂದಲೇ ಅವರು ಹೆಂಡತಿಯ ಕೈಗೆ ಹಮಾಲರಿಗೆ ಸನ್ನೆ ಕೊಡುವ ತಮ್ಮ ಸೀಟಿ ಕೊಟ್ಟು, ಇದನ್ನು ದೋಣಿಯವರಿಗೆ ಒಪ್ಪಿಸಿ ಬಾ, ಇನ್ನು ನಾನು ಆ ಕಡೆ ತಲೆ ಹಾಕುವುದಿಲ್ಲ ಎಂದರು. ಮಗುವನ್ನು ಸೊಂಟಕ್ಕೇರಿಸಿಕೊಂಡು ಇಪ್ಪತ್ನಾಲ್ಕರ ಆ ತಾಯಿ ದಕ್ಕೆಗೆ ಬಂದಾಗ ಬದಲಿ ಮೇಸ್ತ್ರಿ ಸರಕು ತುಂಬಿಸುತ್ತಿದ್ದ.

“ನೋಡಿದೆ. ಇದು ಎಡಕ್ಕೆ ವಾಲುತ್ತೆ ಅಂದೆ. ಹಮಾಲರು ಬಿದ್ದು ಬಿದ್ದು ನಕ್ಕರು. ನಾನು ಸೀಟಿ ಕೊಟ್ಟು ಹೊರಟೆ. ಇನ್ನೂ ಬೀದಿ ತಿರುವಿಗೆ ಬಂದಿಲ್ಲ, ಹಿಂದುಗಡೆ ಧಡ್ ಧಡ್ ಅಂತ ಸದ್ದು. ಎರಡು ಪೀಪಾಯಿ ಉರುಳಿಕೊಂಡು ನದಿಗೆ. ದೋಣಿ ಓಡಿಸೋರು ಕೂಗಿದ್ರು, ಆ ಮಗು ಎತ್ಕೊಂಡಿದ್ದ ಹೆಂಗಸು ಎಲ್ಲಿ, ಕರೀರಿ ಅಂತ. ಸೀಟಿ ವಾಪಸ್ ನನ್ನ ಕೈಗೇ ಬಂತು.”

ಬಂದ ಸೀಟಿ ಇಪ್ಪತ್ತಾರು ವರ್ಷ ಅವರ ಕೊರಳಲ್ಲೇ ಇತ್ತು. ಮೊದಲ ವರ್ಷ ಹಮಾಲರು ಹೆಂಗಸಿನ ಮಾತಿಗೆ ಮೂಗು ಮುರಿದರು, ಬೇಕೆಂದೇ ಮೂಟೆಯನ್ನು ತಪ್ಪು ಜಾಗಕ್ಕೆ ಹಾಕಿದರು. ಅಕ್ಕ ಜಗಳಕ್ಕೆ ಹೋಗಲಿಲ್ಲ. ತಪ್ಪು ಹಾಕಿದ್ದನ್ನು ತಾವೇ ಎಳೆದು ಸರಿ ಮಾಡುತ್ತಿದ್ದರು. ಎರಡನೇ ವರ್ಷ ಅದೇ ಹಮಾಲರು ಅವರಿಗೆ ತಕ್ಕಡಿ ಎಂದು ಹೆಸರಿಟ್ಟರು. ಮೂರನೇ ವರ್ಷ ಅದಕ್ಕೆ ‘ಅಕ್ಕ’ ಸೇರಿತು. ಗಂಡ ಮನೆಯಲ್ಲಿ ಕುರ್ಚಿ ಹೆಣೆಯುವ ಕೆಲಸ ಹಿಡಿದು ಮಗಳನ್ನು ಬೆಳೆಸಿದರು. ಹೇಳಿದ ಮಾತಿಗೆ ತಪ್ಪದೆ ದೋಣಿಯ ಕಡೆ ತಲೆ ಹಾಕಲಿಲ್ಲ. ದಕ್ಕೆಯ ತನಕ ಹೆಂಡತಿಗೆ ಬುತ್ತಿ ತರುತ್ತಿದ್ದರು, ಹಲಗೆ ದಾಟುತ್ತಿರಲಿಲ್ಲ. ಯಾರಾದರೂ ಕೇಳಿದರೆ “ಎಮ್ಮೆಗೂ ನನಗೂ ಮಾತಿಲ್ಲ” ಎಂದು ನಕ್ಕು ಸುಮ್ಮನಾಗುತ್ತಿದ್ದರು.

ಒಂಬತ್ತು ವರ್ಷದ ಹಿಂದೆ ನದಿಗೆ ಹೊಸ ಸೇತುವೆ ಬಂತು. ಸರಕೆಲ್ಲ ಲಾರಿ ಹತ್ತಿತು. ಎಮ್ಮೆಯನ್ನು ದಕ್ಕೆಗೆ ಕಟ್ಟಿ ಎಲ್ಲರೂ ತಮ್ಮ ತಮ್ಮ ದಾರಿ ಹಿಡಿದರು. ಅಕ್ಕ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆ ಚಾದರ ಮಡಚುವ ಕೆಲಸಕ್ಕೆ ಸೇರಿದರು. ಆದರೆ ಕೆಲಸಕ್ಕೆ ಹೋಗುವ ಮುನ್ನ ದಿನಾ ಬೆಳಗ್ಗೆ ದಕ್ಕೆಗೆ ಬರುವುದನ್ನು ಬಿಡಲಿಲ್ಲ. ಮಳೆಯ ನೀರು, ಹಳೇ ತಗಡಿನ ಸಂದಿಯಿಂದ ಜಿನುಗುವ ನೀರು ದೋಣಿಯ ಹೊಟ್ಟೆಯಲ್ಲಿ ತುಂಬುತ್ತಿತ್ತು. ಬಕೆಟ್ಟಿನಲ್ಲಿ ಮೊಗೆದು ಹೊರಗೆ ಚೆಲ್ಲುತ್ತಿದ್ದರು. ಬೇಸಿಗೆಯಲ್ಲಿ ಇಪ್ಪತ್ತು ಬಕೆಟ್, ಮಳೆಗಾಲದಲ್ಲಿ ನೂರಕ್ಕೂ ಹೆಚ್ಚು. ಹೀಗೆ ಆರು ವರ್ಷ.

ಯಾರು ಹೇಳಿದ್ದರು?

“ಯಾರೂ ಹೇಳಿರಲಿಲ್ಲ. ನೀರು ತುಂಬಿದ್ರೆ ಮುಳುಗುತ್ತಲ್ವಾ?” ಎಂದು ಅಕ್ಕ ತಿರುಗಿ ಕೇಳುತ್ತಾರೆ. ಇದರಲ್ಲಿ ವಿವರಿಸುವುದಕ್ಕೆ ಏನಿದೆ ಎಂಬ ಮುಖ.

ಆ ಬಕೆಟ್ಟುಗಳಿಂದಾಗಿಯೇ ನಾಟಕದ ಟೀಚರಿಗೆ ಒಂದು ದೋಣಿ ಸಿಕ್ಕಿತು. ನಿವೃತ್ತಿಯಾದ ಮೇಲೂ ಎಲ್ಲರಿಗೂ ‘ಟೀಚರ್’ ಆಗಿಯೇ ಉಳಿದಿರುವ ಈ ಹೆಂಗಸು ಬೀದಿಯ ಮಕ್ಕಳು, ಅಂಗಡಿಯವರು, ಗುಮಾಸ್ತರು ಎಲ್ಲರನ್ನೂ ಕಟ್ಟಿಕೊಂಡು ನಾಟಕ ಆಡಿಸುತ್ತಿದ್ದವರು. ರಸ್ತೆ ಅಗಲ ಮಾಡಲು ಅವರ ತಾಲೀಮಿನ ಹಳೇ ಇಟ್ಟಿಗೆ ಕಟ್ಟಡವನ್ನು ಕೆಡವಿದ ಮೇಲೆ ಗುಂಪು ದಿಕ್ಕಾಪಾಲಾಗುವುದರಲ್ಲಿತ್ತು. ಸೂರು ಹುಡುಕುತ್ತ ಒಂದು ಮುಂಜಾನೆ ನದಿ ಪಕ್ಕ ನಡೆದು ಬಂದರೆ, ಗುಜರಿಗೆ ಒಡೆಯಲಾಗುವುದು ಎಂಬ ಚೀಟಿ ಅಂಟಿಸಿಕೊಂಡ ದೋಣಿ. ಅದರೊಳಗಿಂದ ಬಕೆಟ್ ಬಕೆಟ್ ನೀರು ಹೊರಗೆ ಬಂದು ಬೀಳುತ್ತಿದೆ, ಮನುಷ್ಯರು ಕಾಣುತ್ತಿಲ್ಲ.

“ಯಾರಾದ್ರೂ ಇದೀರಾ ಒಳಗೆ?” ಎಂದು ಟೀಚರ್ ಕೂಗಿದರು.

“ಇದೀನಿ. ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ, ಸೀರೆ ನೆನೆಯುತ್ತೆ.”

“ಇದರಲ್ಲಿ ಎಷ್ಟು ಜನ ಹಿಡೀಬಹುದು?”

ಬಕೆಟ್ ನಿಂತಿತು. ಕೆದರಿದ ತಲೆಯೊಂದು ಮೇಲೆ ಬಂತು. “ಮೂಟೆ ಆದ್ರೆ ಸಾವಿರದ ಇನ್ನೂರು. ಜನ ಆದ್ರೆ ಯೋಚನೆ ಮಾಡ್ಬೇಕು. ಮೂಟೆ ಎದ್ದು ಓಡಾಡಲ್ಲ.”

ಆ ಉತ್ತರ ಕೇಳಿಯೇ ನಾನು ಅರ್ಧ ಸೋತೆ ಎನ್ನುತ್ತಾರೆ ಟೀಚರ್. ಅಲ್ಲಿಂದ ಅರ್ಜಿ, ಸಹಿ, ಕಚೇರಿಯಿಂದ ಕಚೇರಿಗೆ ಅಲೆದಾಟ. ಚೀಟಿ ಕಿತ್ತುಹೋಯಿತು, ದೋಣಿ ಉಳಿಯಿತು. ಬೆಸುಗೆಯವರು ತೂತು ಮುಚ್ಚಿದರು, ಬಡಗಿಗಳು ನೆಲ ಹಾಸಿದರು. ನಕ್ಷೆ ಬರೆಯಲು ಬಂದ ಯುವ ಎಂಜಿನಿಯರ್ ಎತ್ತರೆತ್ತರವಾಗಿ ಮೂರು ಸಾಲು ಆಸನ, ಮೇಲೊಂದು ತಗಡಿನ ಚಾವಣಿ, ಎಡಬದಿಗೆ ರಂಗಸ್ಥಳ ಎಂದು ಚಂದದ ಚಿತ್ರ ಬರೆದ. ಸಮಿತಿಯ ಸಭೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಚಹಾ ಹಂಚುತ್ತಿದ್ದ ತಕ್ಕಡಿಯಕ್ಕ ಬಾಗಿ ನೋಡಿ, “ಹೊಟ್ಟೆಗೆ ಭಾರ ಬೇಕು ಸಾರ್” ಎಂದರು. “ಎಂಜಿನ್ ಕಿತ್ಕೊಂಡು ಹೋಗಿ ಎರಡು ವರ್ಷ ಆಯ್ತು. ಕೆಳಗಡೆ ಏನೂ ಇಲ್ಲ. ಮೇಲೆ ಮೇಲೆ ಕಟ್ತಾ ಹೋದ್ರೆ ಎಮ್ಮೆ ನಿಲ್ಲಲ್ಲ.”

ಎಂಜಿನಿಯರ್ ಒಳ್ಳೆಯವನೇ. ಆದರೆ ಅವನ ಕಾಗದದಲ್ಲಿ ಎಂಜಿನ್ ಇನ್ನೂ ಇತ್ತು. “ಲೆಕ್ಕ ಎಲ್ಲಾ ಮಾಡಿದೀವಿ ಅಕ್ಕ, ಗಾಬರಿ ಆಗ್ಬೇಡಿ,” ಎಂದು ಲೋಟ ತೆಗೆದುಕೊಂಡ. ಮಾತು ಬೇರೆ ಕಡೆ ಹೊರಳಿತು.

ಅಕ್ಕ ಆ ದಿನ ಮನೆಗೆ ಹೋಗಿ ಊಟ ಬಿಟ್ಟರಂತೆ. ಗಂಡ ಕಾರಣ ಕೇಳಿದರೆ, “ಆಡಿದ ಮಾತು ಕಿವಿಗೆ ಹಾಕ್ಕೊಳ್ಳಲಿಲ್ಲ ಅಂತ ಬೇಜಾರಲ್ಲ ರೀ. ಇನ್ನೊಂದ್ಸಲ ಗಟ್ಟಿಯಾಗಿ ಹೇಳಬೇಕಿತ್ತು. ನಾನು ಲೋಟ ಎತ್ಕೊಂಡು ಬಂದುಬಿಟ್ಟೆ,” ಎಂದರು.

ಪಿಯಾನೊ ಬಂದ ದಿನ ಎಲ್ಲ ಬಯಲಾಯಿತು. ಮುಚ್ಚಿಹೋದ ಶಾಲೆಯೊಂದು ದಾನ ಕೊಟ್ಟ ಆ ವಾದ್ಯವನ್ನು ಒಂಬತ್ತು ಜನ ಹೊತ್ತು ತಂದು, ಗಾಲಿಗಳ ಮೇಲೆ ನಿಲ್ಲಿಸಿ, ಬೆವರು ಒರೆಸಿಕೊಳ್ಳುತ್ತಿದ್ದರು. ಹಾಡುವ ಮೇಳದ ನಲವತ್ತು ಜನ ಸುತ್ತ ನಿಂತಿದ್ದರು. ಅದೇ ಹೊತ್ತಿಗೆ ದೊಡ್ಡ ಪ್ರವಾಸಿ ಹಡಗೊಂದು ಭೋಂ ಎಂದು ಕೂಗುತ್ತ ನದಿಯಲ್ಲಿ ಹಾದುಹೋಯಿತು. ನೋಡಲು ಅಷ್ಟೂ ಜನ ಎಡಬದಿಗೆ ಓಡಿದರು. ಎಮ್ಮೆ ನಿಧಾನವಾಗಿ, ನಿದ್ದೆಯಲ್ಲಿ ಮಗ್ಗುಲು ಬದಲಿಸುವ ಹಾಗೆ, ಎಡಕ್ಕೆ ಹೊರಳಿತು. ಅದರ ಹಿಂದೆಯೇ ಪಿಯಾನೊ ಹೊರಟಿತು.

“ತಾನಾಗೇ ಟಿಂಗ್ ಟಿಂಗ್ ಅಂತ ನುಡೀತಾ ಬರ್ತಿತ್ತು. ಚೆನ್ನಾಗಿತ್ತು, ಆದ್ರೆ ಕೇಳ್ತಾ ನಿಲ್ಲೋ ಹೊತ್ತಲ್ಲ,” ಎನ್ನುತ್ತಾರೆ ಅಕ್ಕ. ಬೆಂಕಿ ಆರಿಸಲು ಇಟ್ಟಿದ್ದ ಮರಳಿನ ಚೀಲವನ್ನು ಎಳೆದು ಗಾಲಿಗೆ ಅಡ್ಡ ಹಾಕಿದರು. ಆರು ವರ್ಷಕ್ಕೂ ಹೆಚ್ಚು ಪೆಟ್ಟಿಗೆಯಲ್ಲಿದ್ದು, ದುರಸ್ತಿ ಶುರುವಾದಾಗ ಮತ್ತೆ ಕೊರಳಿಗೆ ಬಂದಿದ್ದ ಸೀಟಿಯನ್ನು ಜೋರಾಗಿ ಊದಿದರು. “ಯಾರೂ ಓಡ್ಬೇಡಿ. ನಿಂತಲ್ಲೇ ಕೂತ್ಕೊಳ್ಳಿ. ಕೂತ್ಕೊಳ್ಳಿ ಅಂದೆ.” ನಲವತ್ತು ಜನ ತಟ್ಟನೆ ಕುಳಿತರು. ಎಮ್ಮೆ ಒಂದೆರಡು ಸಲ ತಲೆದೂಗಿ ನಿಂತಿತು. ಒಬ್ಬರಿಗೂ ತರಚು ಗಾಯ ಕೂಡ ಆಗಲಿಲ್ಲ. ಎಂಜಿನಿಯರನ ಅಂಗಿಯ ಮೇಲೆ ಮಾತ್ರ ಒಂದು ಲೋಟ ಚಹಾ ಚೆಲ್ಲಿತ್ತು.

ಮರುದಿನ ಬೆಳಗ್ಗೆ ಐದೂವರೆಗೆ ಅವನು ದಕ್ಕೆಯ ಮೆಟ್ಟಿಲ ಮೇಲೆ ಕಾಗದ ಪೆನ್ಸಿಲ್ ಹಿಡಿದು ಕುಳಿತಿದ್ದ. “ಅಕ್ಕ, ಮೊದಲಿಂದ ಹೇಳಿ. ಬರ್ಕೋತೀನಿ.”

“ಚಹಾ ಕುಡಿದ್ರಾ?”

“ಇಲ್ಲ.”

“ಮೊದಲು ಕುಡೀರಿ. ನಿನ್ನೇದು ಅಂಗಿ ಕುಡೀತು.”

ಹೊಟ್ಟೆಗೆ ಭಾರ ಬೇಕು. ಏನು ಹಾಕುವುದು? ಟೀಚರಿಗೆ ಹೊಳೆದದ್ದು ರಸ್ತೆಬದಿಯಲ್ಲಿ ರಾಶಿ ಬಿದ್ದಿದ್ದ ಅವರ ಹಳೇ ಕಟ್ಟಡದ ಇಟ್ಟಿಗೆ. ಎರಡು ಭಾನುವಾರ ರಸ್ತೆಯಿಂದ ದಕ್ಕೆಯ ತನಕ ಜನ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದರು. ಒಂಬತ್ತು ಸಾವಿರದ ನಾನೂರು ಇಟ್ಟಿಗೆ. ದೋಣಿಯ ಹೊಟ್ಟೆಯಲ್ಲಿ ಬಗ್ಗಿಕೊಂಡೇ ಕುಳಿತ ತಕ್ಕಡಿಯಕ್ಕ ಪ್ರತಿಯೊಂದಕ್ಕೂ ಜಾಗ ತೋರಿಸಿದರು. ಅವರ ಮಂಡಿ ಹಿಡಿದದ್ದು ಆಗಲೇ, ಇನ್ನೂ ಬಿಟ್ಟಿಲ್ಲ. ಕೆಲವು ಇಟ್ಟಿಗೆಗಳ ಮೇಲೆ ಹಳೇ ನಾಟಕಗಳ ಗೋಡೆಬಣ್ಣ ಹಾಗೇ ಇತ್ತು. ಅಂಥವು ಬಂದಾಗ ಟೀಚರ್ ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದು ನಿಲ್ಲುತ್ತಿದ್ದರು. ಕೆಳಗಿನಿಂದ ಅಕ್ಕ, “ಕಳಿಸಿ ಟೀಚರ್, ಎಲ್ಲೂ ಹೋಗಲ್ಲ, ನಿಮ್ಮ ಕಾಲಡೀಲೇ ಇರುತ್ತೆ,” ಎನ್ನುತ್ತಿದ್ದರು. ಹೊಸ ನಕ್ಷೆಯಲ್ಲಿ ರಂಗಸ್ಥಳ ನಡುಮಧ್ಯಕ್ಕೆ ಬಂತು. ಆಸನದ ಸಾಲುಗಳು ಎರಡೂ ಬದಿಗೆ ಸಮನಾಗಿ, ತಗ್ಗಾಗಿ ನಿಂತವು. ಪಿಯಾನೊದ ಗಾಲಿಗಳನ್ನು ಬಿಚ್ಚಿ ನೆಲಕ್ಕೆ ಬಿಗಿದರು.

ಉಳಿದದ್ದು ಒಂದೇ, ಜಲಸಾರಿಗೆ ಅಧಿಕಾರಿಯ ಒಪ್ಪಿಗೆ. ಆ ಸಾಹೇಬರು ಕಡ್ಡಿ ಮುರಿದ ಹಾಗೆ ಹೇಳಿದರು. ನೂರೈವತ್ತು ಜನರಿಗೆ ಅನುಮತಿ ಬೇಕಾದರೆ ನೂರೈವತ್ತು ಜನರ ಭಾರ ಒಂದೇ ಬದಿಗೆ ಸರಿದರೂ ದೋಣಿ ನಿಲ್ಲಬೇಕು. ತಾವು ಎಳೆಯುವ ಕೆಂಪು ಗೆರೆ ನೀರು ಮುಟ್ಟಿದರೆ ಮಾತು ಮುಗಿಯಿತು, ದೋಣಿ ಗುಜರಿಗೆ. ಪರೀಕ್ಷೆಗೆ ಮರಳುಮೂಟೆ ತರಿಸಿ ಎಂದರು.

“ಮೂಟೆ ಯಾಕೆ ಸಾಹೇಬ್ರೇ? ಕೂರೋದು ಜನ ತಾನೇ? ಜನಾನೇ ಕರೀತೀವಿ,” ಎಂದರು ಅಕ್ಕ. ಸಾಹೇಬರು ತಮ್ಮ ಪುಸ್ತಕ ತಿರುವಿ ನೋಡಿದರು. ಜನ ಕೂಡದು ಎಂದು ಎಲ್ಲೂ ಬರೆದಿರಲಿಲ್ಲ. ಸುತ್ತ ನಾಲ್ಕು ರಕ್ಷಣಾ ದೋಣಿ ನಿಲ್ಲಿಸಿ, ಎಲ್ಲರಿಗೂ ತೇಲುವ ಅಂಗಿ ತೊಡಿಸಿ ಎಂದು ಒಪ್ಪಿದರು.

ಆ ಭಾನುವಾರವನ್ನು ಬೀದಿ ಇನ್ನೂ ಮರೆತಿಲ್ಲ. ಆಸ್ಪತ್ರೆಯ ಚಾದರ ಮಡಚುವ ಹನ್ನೊಂದು ಗೆಳತಿಯರು ಬಂದರು. ನಗರ ಬಸ್ಸು ಓಡಿಸುವ ಅಕ್ಕನ ಮಗಳು ತನ್ನ ಡಿಪೋದಿಂದ ನಲವತ್ತೆರಡು ಜನರನ್ನು ಕರೆತಂದಳು. ಹಾಡುವ ಮೇಳ, ತರಕಾರಿಯವರು, ಅಂಚೆಯವರು, ಕೈಕೂಸಿನೊಂದಿಗೆ ಬಂದ ತಾಯಂದಿರು. ಕೂಸುಗಳನ್ನು ದಡದಲ್ಲಿ ಅಜ್ಜಿಯರ ಮಡಿಲಿಗೆ ಹಾಕಿ ಬರುವಂತೆ ಅಕ್ಕ ಕಳಿಸಿದರು. ಹಳೇ ಹಮಾಲರಲ್ಲಿ ಉಳಿದ ಆರು ಮಂದಿ, ಒಮ್ಮೆ ಇವರನ್ನು ನೋಡಿ ನಕ್ಕವರು, ಬಿಳಿ ಅಂಗಿ ಹಾಕಿಕೊಂಡು ಬಂದರು. “ಅಕ್ಕ, ಈ ಸಲ ನಾವೇ ಮೂಟೆ. ಎಲ್ಲಿಡ್ತೀರೋ ಇಡಿ,” ಎಂದ ಒಬ್ಬ.

ಹಲಗೆಯ ಬಳಿ ನಿಂತು ಸಾಹೇಬರೇ ಎಣಿಸಿದರು. ನೂರ ನಲವತ್ತೊಂಬತ್ತು.

“ಒಬ್ಬರು ಕಡಿಮೆ.”

“ಒಬ್ಬರು ತಾನೇ ಸಾರ್,” ಎಂದ ಎಂಜಿನಿಯರ್.

“ನೂರೈವತ್ತು ಅಂದ್ರೆ ನೂರೈವತ್ತು.”

ದಡದ ಬೆಂಚಿನ ಮೇಲೆ, ಕೋಲಿನ ಹಿಡಿಗೆ ಗದ್ದ ಊರಿಕೊಂಡು ಅಕ್ಕನ ಗಂಡ ಕುಳಿತಿದ್ದರು. ಆ ದೋಣಿಯ ಹಲಗೆ ದಾಟದೆ ಅವರಿಗೆ ಮೂವತ್ಮೂರು ವರ್ಷ. ಎಲ್ಲರ ಕಣ್ಣು ಅತ್ತ ಹೋಯಿತು. ಟೀಚರ್ ಕರೆಯಲು ಕೈ ಎತ್ತಿದರು. ಅಕ್ಕ ಆ ಕೈಯನ್ನು ಮೆಲ್ಲಗೆ ಕೆಳಗಿಳಿಸಿದರು. “ಬೇಡ ಟೀಚರ್. ನಾನು ಇಷ್ಟು ವರ್ಷದಲ್ಲಿ ಒಂದ್ಸಲಾನೂ ಕರೆದಿಲ್ಲ. ಇವತ್ತು ನನ್ನ ಕೆಲಸಕ್ಕೆ ಬೇಕು ಅಂತ ಕರೆದ್ರೆ ಚೆನ್ನಾಗಿರಲ್ಲ.”

ಒಂದು ನಿಮಿಷ ಕಳೆದಿರಬೇಕು. ಬೆಂಚಿನ ಮೇಲಿನ ಮನುಷ್ಯ ಎದ್ದರು. ಕುಂಟುತ್ತ ಹಲಗೆಯ ತನಕ ಬಂದು ನಿಂತರು.

“ಏನೇ, ನನ್ನ ತೂಕ ಎಷ್ಟು ಅಂತ ಗೊತ್ತಿದೆಯಾ?”

“ಎಪ್ಪತ್ತೆರಡು. ಕೋಲು ಸೇರಿ,” ಎಂದರು ಅಕ್ಕ, ಕಣ್ಣೂ ಮಿಟುಕಿಸದೆ.

ದೋಣಿ ತುಂಬ ನಗೆ ಎದ್ದಿತು. ಆ ನಗೆಯ ನಡುವೆಯೇ ಅವರು ಹಲಗೆ ದಾಟಿದ್ದು. ಒಳಗೆ ಕಾಲಿಟ್ಟವರು ಕಬ್ಬಿಣದ ಕಂಬಿಯ ಮೇಲೆ ಅಂಗೈಯಿಟ್ಟು, “ಹೇಗಿದೀಯಾ?” ಎಂದರು. ಕೇಳಿದ್ದು ಹೆಂಡತಿಯನ್ನಲ್ಲ ಎಂದು ಪಕ್ಕದಲ್ಲಿದ್ದ ಹಮಾಲ ಈಗಲೂ ಆಣೆಯಿಟ್ಟು ಹೇಳುತ್ತಾನೆ.

ಸಾಹೇಬರು ಚಾವಣಿಯ ತೊಲೆಗೆ ಗಾರೆಯವರ ತೂಗುಗುಂಡು ಕಟ್ಟಿ, ಅದು ಓಲಾಡದಿರಲೆಂದು ನೀರಿನ ಬಕೆಟ್ಟಿನಲ್ಲಿ ಇಳಿಬಿಟ್ಟಿದ್ದರು. ಹೊರಗೆ ನೀರಿನಿಂದ ಎರಡು ಗೇಣು ಮೇಲೆ ಕೆಂಪು ಗೆರೆ. ಅದನ್ನು ನೋಡಲು ಎಂಜಿನಿಯರ್ ಪುಟ್ಟ ದೋಣಿಯಲ್ಲಿ ಕುಳಿತ. ಅಕ್ಕ ನಡುಮಧ್ಯೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು: “ಒಂದು ಸೀಟಿ ಊದಿದ್ರೆ ಎಡಕ್ಕೆ, ಎರಡು ಊದಿದ್ರೆ ವಾಪಸ್. ಓಡೋ ಹಾಗಿಲ್ಲ. ಮಲಗಿರೋ ಮಗುನ ದಾಟಿ ಹೋಗೋ ಹಾಗೆ ನಡೀರಿ.”

ಸೀಟಿ ಮೊಳಗಿತು. ನೂರೈವತ್ತು ಜನ ಹೆಜ್ಜೆ ಕಿತ್ತಿಟ್ಟರು. ಎಮ್ಮೆ ಬಾಗಿತು, ಇನ್ನೂ ಬಾಗಿತು. ಯಾರದೋ ಕೈ ಯಾರದೋ ಕೈ ಹಿಡಿಯಿತು. ಎಲ್ಲರೂ ತೂಗುಗುಂಡನ್ನೇ ನೋಡುತ್ತಿದ್ದರೆ ಅಕ್ಕ ಕಣ್ಣು ಮುಚ್ಚಿ, ಬರಿಗಾಲಿನಲ್ಲಿ ನೆಲವನ್ನು ಕೇಳಿಸಿಕೊಳ್ಳುತ್ತಿದ್ದರು. ಬಾಗುವುದು ನಿಂತಿತು.

“ಒಂದೂವರೆ ಗೇಣು. ಇನ್ನು ಇಳಿಯಲ್ಲ,” ಎಂದರು.

ಹೊರಗಿನಿಂದ ಎಂಜಿನಿಯರನ ದನಿ ಬಂತು. “ಗೆರೆಗೆ ಇನ್ನೂ ಅರ್ಧ ಗೇಣಿದೆ ಅಕ್ಕಾ.”

ಸಾಹೇಬರು ಅಳತೆಪಟ್ಟಿಯನ್ನು ಎರಡು ಸಲ ನೋಡಿದರು. ಆಮೇಲೆ ಅಕ್ಕನ ಪಾದಗಳನ್ನೊಮ್ಮೆ ನೋಡಿದರು. ಎರಡು ಸೀಟಿಗೆ ಜನ ಹಿಂದಿರುಗಿ, ಎಮ್ಮೆ ಬೆನ್ನು ನೆಟ್ಟಗೆ ಮಾಡಿಕೊಂಡಾಗ ಎದ್ದ ಗದ್ದಲಕ್ಕೆ ದಡದ ಕೂಸುಗಳೂ ದನಿಗೂಡಿಸಿದವು. ಇನ್ನೊಂದ್ಸಲ, ಇನ್ನೊಂದ್ಸಲ ಎಂದು ಜನ ಕೂಗಿದರು. ಸಾಹೇಬರು ಗಂಟಲು ಸರಿಮಾಡಿಕೊಂಡು, “ಇನ್ನೊಂದ್ಸಲ ಆಗ್ಲೇಬೇಕು. ಬಲಗಡೆ ಬಾಕಿ ಇದೆ,” ಎಂದರು. ಬಲಕ್ಕೆ ನಡೆಯುವಾಗ ಹಾಡುವ ಮೇಳದವರು ಹಾಡಿಕೊಂಡೇ ನಡೆದರು. ಬಲಕ್ಕೂ ಒಂದೂವರೆ ಗೇಣೇ.

ಅದಾಗಿ ಒಂದೂವರೆ ವರ್ಷ. ಈಗ ಎಮ್ಮೆಯಲ್ಲಿ ವಾರಕ್ಕೆ ಎರಡು ಪ್ರದರ್ಶನ, ಮಂಗಳವಾರ ಹಾಡು, ಶನಿವಾರ ಮಕ್ಕಳ ಚಿತ್ರ. ತಕ್ಕಡಿಯಕ್ಕನ ದಿನ ಆರು ಹಗ್ಗಗಳ ಗಂಟು ನೋಡುವುದು, ಇಪ್ಪತ್ತು ನಿಮಿಷ ಪಂಪು ಓಡಿಸುವುದು, ನಾಲ್ಕು ಕಡೆ ಗೆರೆ ಅಳೆಯುವುದು, ಇವುಗಳಿಂದ ಶುರುವಾಗುತ್ತದೆ. ಬಕೆಟ್ಟಿಗೆ ನಿವೃತ್ತಿ ಸಿಕ್ಕಿದೆ. ಪ್ರದರ್ಶನದ ದಿನ ಹಲಗೆಯ ಬಳಿ ಗಂಡ ನಿಲ್ಲುತ್ತಾರೆ. ಬಂದವರನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, “ನೀವು ಎಡಕ್ಕೆ ತಾಯಿ, ನೀವು ಬಲಕ್ಕೆ ಸ್ವಾಮಿ” ಎಂದು ಕಳಿಸುತ್ತಾರೆ. ದಪ್ಪಗಿರುವ ದಂಪತಿಯನ್ನು ಒಮ್ಮೆ ಬೇರೆಬೇರೆ ಬದಿಗೆ ಕೂರಿಸಿ ಬೈಸಿಕೊಂಡದ್ದೂ ಇದೆ. ಜನ ತುಂಬಿದ ಮೇಲೆ ಬಿಳಿ ಗೆರೆಗೂ ನೀರಿಗೂ ನಡುವೆ ಮೂರು ಬೆರಳು ಉಳಿಯಬೇಕು, ಎರಡೂ ಕಡೆ. ಅಷ್ಟಾದರೆ ಅಕ್ಕ ಬಾಗಿಲಿಗೆ ಬಂದು ತಲೆಯಾಡಿಸುತ್ತಾರೆ, ದೀಪ ಆರುತ್ತದೆ, ನಾಟಕ ಶುರುವಾಗುತ್ತದೆ.

ನಾಟಕ ನಡೆಯುವಷ್ಟು ಹೊತ್ತೂ ಅವರು ಬಾಗಿಲ ಬಳಿ ಬರಿಗಾಲಿನಲ್ಲಿ ನಿಂತಿರುತ್ತಾರೆ. ನಾಟಕ ಹೇಗಿತ್ತು ಎಂದು ಟೀಚರ್ ಎಲ್ಲರಿಗಿಂತ ಮೊದಲು ಕೇಳುವುದು ಅವರನ್ನೇ. “ದುಃಖದ ನಾಟಕಕ್ಕೆ ಎಮ್ಮೆ ಅಲ್ಲಾಡಲ್ಲ. ಜನ ಉಸಿರು ಹಿಡ್ಕೊಂಡಿರ್ತಾರೆ. ಬೇಜಾರಿನ ನಾಟಕ ಆದ್ರೆ ಅಲ್ಲೊಂದು ಇಲ್ಲೊಂದು ಸಣ್ಣ ಸಣ್ಣ ನಡುಕ, ಕಾಲು ಬದಲಾಯಿಸ್ತಿರ್ತಾರೆ. ನಗೋ ನಾಟಕಕ್ಕೆ ಒಂದು ಬೆರಳು ಆ ಕಡೆ, ಒಂದು ಬೆರಳು ಈ ಕಡೆ, ತೊಟ್ಟಿಲ ಹಾಗೆ ತೂಗುತ್ತೆ. ನನಗೆ ನಗೋ ನಾಟಕಾನೇ ಇಷ್ಟ,” ಎನ್ನುತ್ತಾರೆ.

ಟೀಚರ್ ಈಗ ಹೊಸ ನಾಟಕ ಬರೆಯುತ್ತಿದ್ದಾರೆ. ಅದರಲ್ಲಿ ಹದಿನೆಂಟು ಪಾತ್ರಗಳು ಒಟ್ಟಿಗೆ ಎಡಕ್ಕೆ ಓಡುವ ಒಂದು ದೃಶ್ಯವಿದೆ. ಬರೆಯುವ ಮೊದಲು ಅಕ್ಕನ ಅಪ್ಪಣೆ ಕೇಳಲು ಬಂದಿದ್ದರು. ಅಕ್ಕ ಯೋಚಿಸಿ, ಹನ್ನೆರಡು ಜನ ಓಡಲಿ, ಆರು ಜನ ನಡೆದು ಹೋಗಲಿ ಎಂದರು. ದೃಶ್ಯ ಹಾಗೆಯೇ ಬದಲಾಯಿತು. ಈಗಲೇ ಚೆನ್ನಾಗಿದೆ ಎನ್ನುತ್ತಾರೆ ಟೀಚರ್, ಓಡುವವರ ಹಿಂದೆ ನಡೆಯುವವರು ಯಾರು ಎಂದು ಯೋಚಿಸುತ್ತ ಹೊಸ ಕಥೆಯೇ ಹುಟ್ಟಿತಂತೆ.

ಬೆಳಕು ಏರಿದೆ. ಮಂಜು ಕರಗಿ ಆಚೆ ದಡದ ಗಿಡಗಂಟಿ ಕಾಣುತ್ತಿವೆ. ಹೊರಡುವ ಮುನ್ನ, ಇಷ್ಟು ವರ್ಷ ನೀರಿನ ಮೇಲೆಯೇ ಬದುಕಿದವರನ್ನು ಕೇಳಲೇಬೇಕಾದ ಪ್ರಶ್ನೆಯೊಂದನ್ನು ಕೇಳಿದ್ದಾಯಿತು: ಈಜು ಯಾವಾಗ ಕಲಿತಿರಿ?

ಗಂಡ ಮುಖ ಆಚೆ ತಿರುಗಿಸಿ ನಗತೊಡಗುತ್ತಾರೆ. ತಕ್ಕಡಿಯಕ್ಕ ಫ್ಲಾಸ್ಕಿನ ಮುಚ್ಚಳ ತೊಳೆದು, ನೀರು ಕೊಡವಿ, ಬಿಗಿಯಾಗಿ ತಿರುಗಿಸುತ್ತಾರೆ.

“ಈಜು ಬರಲ್ಲ. ನನ್ನ ದೋಣೀಲಿ ಅದರ ಅಗತ್ಯ ಬಿದ್ದಿಲ್ಲ.”